ಹದಿನಾರು ಬಾಗಿಲಿಗೆ ಒಂದೇ ಕೀಲಿಕೈ

ಊರಿಗೆ ಕೆಟ್ಟ ಕಾಲ ಬಂದರೆ ಬೀಗದ ಅಂಗಡಿಗೆ ಸುಗ್ಗಿ. ಹೇಳಿಕೊಳ್ಳಲು ನಾಚಿಕೆಯಾಗುವ ಮಾತು, ಆದರೆ ಸುಳ್ಳಲ್ಲ. ಆ ವರ್ಷ ಊರು ಎರಡು ಕಡೆಯಾಗಿತ್ತು. ಯಾಕಾಯಿತು ಎಂದು ಕೇಳಿದರೆ ಈ ಕಡೆಯವರು ಒಂದು ಕಥೆ ಹೇಳುತ್ತಿದ್ದರು, ಆ ಕಡೆಯವರು ಇನ್ನೊಂದು. ಎರಡನ್ನೂ ಕೂತು ಕೇಳಿದವರಿಗೆ ತಲೆನೋವು ಬರುತ್ತಿತ್ತೇ ಹೊರತು ಉತ್ತರ ಸಿಗುತ್ತಿರಲಿಲ್ಲ. ಬೀದಿಯಲ್ಲಿ ಕಲ್ಲು ಬೀಳುತ್ತಿತ್ತು. ಮಧ್ಯಾಹ್ನಕ್ಕೇ ಅಂಗಡಿಗಳ ಷಟರ್ ಇಳಿಯುತ್ತಿತ್ತು, ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಪಕ್ಕದ ಮನೆಯವರು ಕೆಮ್ಮಿದರೂ ಜನ ಎದ್ದು ಹೋಗಿ ತಮ್ಮ ಚಿಲಕ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಹೀಗಾಗಿ ಬೀಗದಮ್ಮನ ಅಂಗಡಿಯ ಮುಂದೆ ಸಾಲು ನಿಂತಿತ್ತು. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ ಮಿಕ್ಕ ಸಂದು. ಒಬ್ಬರು ದಾಟಬೇಕಾದರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿಕೈ. ಮುಂದೆ ಎತ್ತರದ ಸ್ಟೂಲಿನ ಮೇಲೆ ಬೀಗದಮ್ಮ, ಹಿಂದೆ ಕೆಲಸದ ಮೇಜಿನ ಬಳಿ ಅವಳ ಸೊಸೆ. ಮಗ ಕಾಯಿಲೆ ಬಿದ್ದು ಹೋಗಿ ನಾಲ್ಕು ವರ್ಷವಾಗಿತ್ತು. ಅವನು ಹೋದ ಮೇಲೆ ಇವರಿಬ್ಬರೂ ಮೂರು ತಿಂಗಳಲ್ಲಿ ಬೇರೆಯಾಗುತ್ತಾರೆ ಎಂದು ಬೀದಿಯ ಜನ ಭವಿಷ್ಯ ನುಡಿದಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ನಂಬಿದ ಜನ. ಇಲ್ಲಿ ನೋಡಿದರೆ ಅತ್ತೆಯ ಕಣ್ಣು ಮಂಜಾಗುತ್ತ ಬಂದ ಹಾಗೆಲ್ಲ ಸೊಸೆಯ ಕೈ ಪಳಗುತ್ತ ಬಂತು. ಇಬ್ಬರಿಗೂ ಸೇರಿ ಒಂದೇ ಕಾಲ ನಡೆಯುತ್ತಿತ್ತು. ಬೀಗದಮ್ಮ ಈಗಲೂ ಕೀಲಿಕೈಯ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿ ಅದು ಯಾರ ಮನೆಯದು ಎಂದು ಹೇಳಬಲ್ಲವಳು. ನಮಗೆ ನಿಮಗೆ ಕಣ್ಣಿದ್ದೂ ಆಗದ ಕೆಲಸ ಅದು.

ವ್ಯಾಪಾರ ಚೆನ್ನಾಗಿದ್ದದ್ದೇ ಸೊಸೆಗೆ ಸಂಕಟವಾಗಿತ್ತು. ಬಂದವರೆಲ್ಲ ಭಯ ಹೊತ್ತು ಬರುತ್ತಿದ್ದರು, ಹೋಗುವಾಗ ಅದರಲ್ಲಿ ಅರ್ಧವನ್ನು ಅವಳ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದರು. ನಗು ಎಂಬುದು ಮುಕ್ಕಾಲು ಪಾಲು ಗಂಡನ ಜೊತೆ ಹೋಗಿತ್ತು, ಅಳಿದುಳಿದದ್ದು ಆ ವರ್ಷ ಹೋಯಿತು. ಮನೆಗೆ ಹೋದರೆ ತಾನೇ ಕೂರಿಸಿದ ಬೀಗವನ್ನು ಎಂಟೆಂಟು ಸಲ ಎಳೆದು ನೋಡುತ್ತಿದ್ದಳು.

"ಬೀಗ ಮಾಡೋಳೇ ಬೀಗ ನಂಬದಿದ್ರೆ ಗಿರಾಕಿ ಏನು ಮಾಡ್ಬೇಕೇ," ಎಂದು ಅತ್ತೆ ಗದರುತ್ತಿದ್ದಳು. ಗದರಿದ ಮೇಲೆ ತಾನೂ ಎದ್ದು ಹೋಗಿ ಒಂದು ಸಲ ಎಳೆದು ನೋಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಕ್ಷೌರದಂಗಡಿಯ ತಾತ ಫೋನ್ ಮಾಡಿದ. ಅವನ ಅಂಗಡಿಯ ಹಿಂದಿನ ಕೋಣೆಯ ಬೀಗ ಜಾಮ್ ಆಗಿ ಅವನೂ ಸೇರಿ ಹನ್ನೊಂದು ಜನ ಒಳಗೆ ಸಿಕ್ಕಿಕೊಂಡಿದ್ದರು. ಸೊಸೆ ಚೀಲ ಎತ್ತಿಕೊಂಡು ಓಡಿದಳು. ಸಿಕ್ಕಿಕೊಂಡವರು ಬಾಗಿಲು ಗುದ್ದುವುದು, ಅಳುವುದು, ಬೀಗ ಮಾಡಿದವರ ವಂಶವನ್ನೆಲ್ಲ ಬೈಯುವುದು ಅವಳಿಗೆ ಹೊಸದಲ್ಲ. ಇಲ್ಲಿ ಒಳಗಿನಿಂದ ನಗು ಕೇಳುತ್ತಿತ್ತು.

"ನಿಧಾನವಾಗಿ ಮಾಡಮ್ಮ," ತಾತನ ದನಿ ಬಂತು. "ನಾವು ಹೇಗೂ ಕೂರೋಕೇ ಬಂದವರು."

ಬಾಗಿಲು ತೆರೆದಾಗ ಕಂಡದ್ದು ಚಾಪೆಗಳು, ಒಂದು ಕಪಾಟು, ಅದರ ಮೇಲೆ ಬಾಚಣಿಗೆ, ಪೌಡರ್ ಡಬ್ಬಿಗಳ ನಡುವೆ ಹೆಬ್ಬೆಟ್ಟಿನಷ್ಟು ಎತ್ತರದ ಮರದ ಬುದ್ಧ. ಅಂಚೆ ಹಂಚುವವಳಿದ್ದಳು, ಕಸದ ಲಾರಿ ಓಡಿಸುವವನಿದ್ದ, ಒಬ್ಬ ಮೇಷ್ಟ್ರಿದ್ದರು. ಆ ಕಡೆಯವರೂ ಈ ಕಡೆಯವರೂ ಮೊಣಕಾಲಿಗೆ ಮೊಣಕಾಲು ತಗುಲುವ ಹಾಗೆ ಕೂತಿದ್ದರು. ಊರಿನಲ್ಲಿ ಅಂಥದ್ದನ್ನು ನೋಡಿ ಅವಳಿಗೆ ತಿಂಗಳುಗಳಾಗಿದ್ದವು. ತಾತ ಈ ಧ್ಯಾನದ ವಿದ್ಯೆಯನ್ನು ಮೂವತ್ತು ವರ್ಷದ ಹಿಂದೆ ತಲೆ ಬೋಳಿಸಿಕೊಳ್ಳಲು ಬಂದ ಒಬ್ಬ ಭಿಕ್ಷುವಿನಿಂದ ಕಲಿತನಂತೆ. "ಬುದ್ಧನ ಶಿಷ್ಯರಲ್ಲೂ ಒಬ್ಬ ಕ್ಷೌರಿಕ ಇದ್ದ. ನಮ್ಮದು ಹಳೇ ಸಂಬಂಧ," ಎಂದು ಜಂಬ ಕೊಚ್ಚಿಕೊಂಡ. ಆಮೇಲೆ ಅವಳ ಮುಖ ನೋಡಿ, "ಬಾಗಿಲು ತೆಗೆದೋಳು ಹೊರಗೇ ನಿಂತ್ರೆ ಹೇಗೆ, ಐದು ನಿಮಿಷ ಕೂತು ಹೋಗು," ಎಂದ.

ಆ ಐದು ನಿಮಿಷದಲ್ಲಿ ಏನೂ ಆಗಲಿಲ್ಲ. ಕಾಲು ಜೋಮು ಹಿಡಿಯಿತು. ಆದರೂ ಮರುದಿನ ಹೋದಳು, ಅದರ ಮರುದಿನವೂ ಹೋದಳು. ಉಸಿರು ಒಳಗೆ ಬಂದರೆ ಬಂತು ಎಂದು ತಿಳಿಯುವುದು, ಹೋದರೆ ಹೋಯಿತು ಎಂದು ತಿಳಿಯುವುದು. ಮನಸ್ಸು ಓಡಿಹೋದರೆ ಬೈಯದೆ ಕರೆದು ತರುವುದು. ಕೊನೆಗೆ ಒಬ್ಬೊಬ್ಬರನ್ನು ನೆನೆದು ಅವರು ಸುಖವಾಗಿರಲಿ, ಅವರಿಗೆ ಭಯವಿಲ್ಲದಿರಲಿ ಎಂದುಕೊಳ್ಳುವುದು. ಮೊದಲು ತನ್ನನ್ನು, ಆಮೇಲೆ ಬೇಕಾದವರನ್ನು, ಆಮೇಲೆ ಹೆಸರೂ ಗೊತ್ತಿಲ್ಲದವರನ್ನು, ಕಡೆಗೆ ಕಂಡರಾಗದವರನ್ನು. ತಾತ ಹೆಚ್ಚು ಉಪದೇಶ ಮಾಡುವವನಲ್ಲ. "ಕತ್ತಿ ಕೈಲಿದ್ದಾಗ ಕತ್ತಿ ನೋಡು. ಬೇರೆ ಕಡೆ ನೋಡಿದ್ರೆ ಗಿರಾಕಿ ಕಿವಿ ಹೋಗುತ್ತೆ. ಧ್ಯಾನ ಅಂದ್ರೆ ಅಷ್ಟೇ," ಎನ್ನುತ್ತಿದ್ದ.

ಬೀಗದಮ್ಮನಿಗೆ ಇದು ತಮಾಷೆಯ ವಿಷಯವಾಯಿತು. "ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತಾರೆ, ನೀನು ನೋಡಿದ್ರೆ ಕೂತೇ ಸುಖ ಕಾಣ್ತೀನಿ ಅಂತೀಯ," ಎಂದಳು. ಇನ್ನೊಂದು ದಿನ, "ಆ ಬುದ್ಧ ಹೆಂಡತಿ ಮಗೂನ ಬಿಟ್ಟು ಹೋದೋನು ಕಣೇ. ನೀನೂ ಹೋಗೋದಾದ್ರೆ ಹೇಳಿ ಹೋಗು, ಹಾಲಿನವನಿಗೆ ಒಂದೇ ಪ್ಯಾಕೆಟ್ ಸಾಕು ಅಂತ ತಿಳಿಸಬೇಕು," ಎಂದಳು. ಸೊಸೆ ನಕ್ಕಳು. ನಕ್ಕ ಸದ್ದು ಕೇಳಿ ಅತ್ತೆ ಸ್ಟೂಲಿನ ಮೇಲೆ ಪೂರಾ ತಿರುಗಿ ಕೂತಳು. ಎಷ್ಟೋ ಕಾಲವಾಗಿತ್ತು ಆ ಸದ್ದು ಅಂಗಡಿಯಲ್ಲಿ ಕೇಳಿ. ಅಂದಿನಿಂದ ಬೆಳಗಾದರೆ ಅವಳೇ ಸೊಸೆಯನ್ನು ಎಬ್ಬಿಸಿ ಕಳಿಸತೊಡಗಿದಳು. ತಮಾಷೆ ಮಾತ್ರ ಬಿಡಲಿಲ್ಲ.

ನಿಜವಾಗಿ ಸೊಸೆಗೆ ಖುಷಿಯಾಗತೊಡಗಿತ್ತು. ಕಾರಣ ಕೇಳಿದರೆ ಅವಳಿಗೇ ಗೊತ್ತಿಲ್ಲ. ಹೊರಗೆ ಅದೇ ಕಲ್ಲು, ಅದೇ ಸುದ್ದಿ. ಆದರೆ ಹಿತ್ತಾಳೆಯ ಪುಡಿ ಬೆಳಕಿಗೆ ಹೊಳೆಯುವುದು ಕಣ್ಣಿಗೆ ಬೀಳುತ್ತಿತ್ತು. ಹೆದರಿ ಬಂದವರ ಮುಖ ನೋಡಿದರೆ ಅವಳಿಗೆ ಈಗ ಹೆದರಿಕೆಯಾಗುವ ಬದಲು ಅಯ್ಯೋ ಪಾಪ ಅನ್ನಿಸುತ್ತಿತ್ತು. ಕೈಯಲ್ಲಿ ಕೆಲಸ, ಬಾಯಲ್ಲಿ ಅವರ ಭಯ ಕಳೆಯಲಿ ಎಂಬ ಹಾರೈಕೆ. ಹೀಗೂ ಬದುಕಬಹುದಲ್ಲ ಎಂದು ಅವಳಿಗೆ ಅನ್ನಿಸಿದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲು.

ಆಗಲೇ ಹದಿನಾರು ಮನೆಗಳ ಕಟ್ಟಡದಿಂದ ಕೆಲಸ ಬಂತು. ಹಿಂದಿನ ಬೀದಿಯಲ್ಲಿ ಕಳ್ಳತನವಾಗಿತ್ತು. ಎಲ್ಲ ಮನೆಗೂ ಹೊಸ ಬೀಗ ಬೇಕು, ಎಲ್ಲ ಒಂದೇ ದಿನ ಕೂರಬೇಕು ಎಂದು ಕಟ್ಟಡದ ಯಜಮಾನಿಕೆ ನೋಡುತ್ತಿದ್ದ ನಿವೃತ್ತ ನರ್ಸಮ್ಮ ಬಂದು ಹೇಳಿದಳು. ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದೊಡ್ಡ ನರ್ಸಾಗಿದ್ದವಳು. ಅವಳು ಹೇಳಿದರೆ ಅದು ಕೇಳಿಕೆಯಲ್ಲ, ಅಪ್ಪಣೆ.

ಬೀಗದಮ್ಮನ ಅಂಗಡಿಯಲ್ಲಿ ಮೊದಲು ಕೀಲಿಕೈ ಕತ್ತರಿಸಿ, ಆಮೇಲೆ ಅದರ ಹಲ್ಲಿಗೆ ಸರಿಯಾಗಿ ಬೀಗದೊಳಗೆ ಸಣ್ಣ ಹಿತ್ತಾಳೆ ಕಡ್ಡಿಗಳನ್ನು ಕೂರಿಸುವುದು ಪದ್ಧತಿ. ಒಂದು ಮನೆಗೆ ಮೂರು ಕೀಲಿಕೈ. ಒಂದನ್ನು ಅಳತೆ ನೋಡಿ ಕತ್ತರಿಸಿ, ಯಂತ್ರದ ಎಡಗಡೆ ಅದನ್ನು ಮಾದರಿಯಾಗಿ ಸಿಕ್ಕಿಸಿದರೆ ಬಲಗಡೆ ಅದರದೇ ಪಡಿಯಚ್ಚು ಬರುತ್ತದೆ. ಮನೆ ಬದಲಾದಾಗ ಮಾದರಿಯನ್ನು ತೆಗೆದು ಹೊಸದನ್ನು ಸಿಕ್ಕಿಸಬೇಕು. ಆ ದಿನ ಸೊಸೆ ಬೆಳಗಿನ ಧ್ಯಾನದಿಂದ ನೇರ ಬಂದು ಕೂತವಳು ತುಂಬಿ ತುಳುಕುತ್ತಿದ್ದಳು. ಇದನ್ನು ತಿರುಗಿಸುವ ಕೈಗೆ ಭಯವಿಲ್ಲದಿರಲಿ ಎಂದು ಒಂದು, ಇದರ ಹಿಂದೆ ಮಲಗುವವರು ನೆಮ್ಮದಿಯಾಗಿ ಮಲಗಲಿ ಎಂದು ಇನ್ನೊಂದು. ಹಾರೈಕೆ ಮನೆಮನೆಗೂ ಬದಲಾಯಿತು, ಮಾದರಿ ಬದಲಾಗಲಿಲ್ಲ. ಮೊದಲನೆಯ ಮನೆಯದೇ ಯಂತ್ರದಲ್ಲಿ ಕಚ್ಚಿಕೊಂಡಿತ್ತು. ನಲವತ್ತೆಂಟು ಕೀಲಿಕೈಯೂ ಒಂದೇ ತಾಯಿಯ ಮಕ್ಕಳು.

ಇಂಥ ತಪ್ಪು ಆಗಬಾರದೆಂದೇ ಅತ್ತೆಯದೊಂದು ಕಟ್ಟಳೆ ಇತ್ತು. "ತೆರೀಬೇಕಾದ್ದು ತೆರೆಯುತ್ತಾ ಅಂತ ನೋಡೋದು ಅರ್ಧ ಕೆಲಸ. ತೆರೀಬಾರದ್ದು ತೆರೆಯಲ್ಲ ಅಂತ ನೋಡೋದು ಇನ್ನರ್ಧ." ಅಂದರೆ ಒಂದು ಮನೆಯ ಕೀಲಿಕೈಯನ್ನು ಇನ್ನೊಂದರ ಬೀಗಕ್ಕೆ ಹಾಕಿ, ತಿರುಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಸೊಸೆ ಹದಿನಾರು ಬೀಗವನ್ನೂ ಅದರದರ ಕೀಲಿಕೈಯಿಂದ ತಿರುಗಿಸಿ ನೋಡಿದಳು, ಬೆಣ್ಣೆಯ ಹಾಗೆ ತಿರುಗಿದವು. ಅಷ್ಟಕ್ಕೇ ಅವಳ ಎದೆ ಎಷ್ಟು ತುಂಬಿತೆಂದರೆ ಇನ್ನರ್ಧ ನೆನಪಿಗೇ ಬರಲಿಲ್ಲ.

ಹನ್ನೆರಡು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ. ಆಗುವುದಾದರೂ ಹೇಗೆ? ಪಕ್ಕದ ಮನೆಯ ಬಾಗಿಲಿಗೆ ತನ್ನ ಕೀಲಿಕೈ ಹಾಕಿ ನೋಡುವವರು ಯಾರಿದ್ದಾರೆ?

ಹದಿಮೂರನೆಯ ದಿನ ಸಂಜೆ ಕರೆಂಟು ಹೋಗಿತ್ತು. ಮೂರನೇ ಮಹಡಿಯ ಬಸ್ ಚಾಲಕ ದಿನವೆಲ್ಲ ಓಡಿಸಿ ದಣಿದು, ಕತ್ತಲೆಯಲ್ಲಿ ಗೋಡೆ ಸವರುತ್ತ ಹತ್ತಿದ. ಒಂದು ಮಹಡಿ ಎಣಿಕೆ ತಪ್ಪಿತು. ಬಾಗಿಲಿಗೆ ಕೀಲಿಕೈ ಹಾಕಿದ, ತಿರುಗಿತು. ಕಟ್ಟಡದ ಮನೆಗಳೆಲ್ಲ ಒಂದೇ ಅಚ್ಚಿನವು. ಕೈಚೀಲ ನೇತುಹಾಕಲು ಕೊಕ್ಕೆ ಕೂಡ ಅದೇ ಜಾಗದಲ್ಲಿತ್ತು. ಚೀಲ ಹಾಕಿ, ಶೂ ಬಿಚ್ಚಿ, "ಲೇ, ಬಿಸಿನೀರು ಇಟ್ಟಿದ್ದೀಯಾ," ಎಂದು ಕೇಳಿದ. ಉತ್ತರವಾಗಿ ಹಣೆಯ ಮೇಲೆ ಕೊಡೆಯ ಹಿಡಿ ಬಂದು ಬಿತ್ತು. ಅದು ನರ್ಸಮ್ಮನ ಮನೆ.

ಇಲ್ಲಿಗೆ ಮುಗಿದಿದ್ದರೆ ಕಟ್ಟಡದವರು ವರ್ಷವಿಡೀ ಹೇಳಿಕೊಂಡು ನಗುತ್ತಿದ್ದರು. ಆದರೆ ಚಾಲಕ ಆ ಕಡೆಯವನು, ನರ್ಸಮ್ಮ ಈ ಕಡೆಯವಳು. ಒಂಟಿ ಹೆಂಗಸಿನ ಬಾಗಿಲಿಗೆ ಅವನ ಹತ್ತಿರ ಕಳ್ಳ ಕೀಲಿಕೈ ಇತ್ತು ಎಂಬ ಸುದ್ದಿ ಬೆಳಗಾಗುವುದರೊಳಗೆ ನೆಲಮಹಡಿಗೆ ಇಳಿದು ಬೀದಿಗೆ ಹೋಯಿತು. "ನನ್ನ ಮನೆ ಕೀನೇ ಹಾಕಿದ್ದು," ಎಂದು ಅವನು ಎಷ್ಟು ಹೇಳಿದರೂ ಯಾರು ನಂಬುತ್ತಾರೆ? ಕಿತ್ತುಕೊಂಡ ಕೀಲಿಕೈಯನ್ನು ಅವನ ಬಾಗಿಲಿಗೂ ಹಾಕಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಇದು ತೀರ್ಮಾನವಾಗುವವರೆಗೆ ಬಸ್ಸಿನ ಹತ್ತಿರ ಬರಬೇಡ ಎಂದು ಡಿಪೋದವರು ಹೇಳಿ ಕಳಿಸಿದರು.

ಎರಡು ದಿನದ ಮೇಲೆ ನರ್ಸಮ್ಮ ಅಂಗಡಿಗೆ ಬಂದಳು. ಅವನಿಂದ ಕಿತ್ತುಕೊಂಡ ಕೀಲಿಕೈಯನ್ನು ಮೇಜಿನ ಮೇಲಿಟ್ಟಳು. "ಇದು ನನ್ನ ಬಾಗಿಲಿಗೆ ಆಗುತ್ತೆ. ಅವನು ನಿಮ್ಮಲ್ಲಿ ಮಾಡಿಸಿಕೊಂಡನಾ, ಬೇರೆ ಕಡೆನಾ, ಅಷ್ಟು ಹೇಳಿ. ನಾಳೆ ಹತ್ತು ಗಂಟೆಗೆ ಸ್ಟೇಷನ್ನಿಗೆ ಹೋಗಿ ಬರೆದುಕೊಡ್ತೀನಿ."

ಬೀಗದಮ್ಮ ಅದನ್ನೆತ್ತಿಕೊಂಡು ಹೆಬ್ಬೆರಳು ಆಡಿಸಿದಳು. ಅಂಗಡಿಯ ಗುರುತಿಗೆಂದು ಮನೆಗೊಂದರಂತೆ ಮೊಳೆಗೆ ನೇತುಹಾಕಿದ್ದ ಕೀಲಿಕೈಗಳಲ್ಲಿ ನರ್ಸಮ್ಮನ ಮನೆಯದನ್ನು ತೆಗೆದುಕೊಂಡು ಅದರ ಮೇಲೂ ಆಡಿಸಿದಳು. ಆಮೇಲೆ ಪಕ್ಕದ ಮೊಳೆಯದು, ಅದರ ಪಕ್ಕದ್ದು. ಅವಳ ಮುಖ ಬದಲಾದದ್ದು ನರ್ಸಮ್ಮನಿಗೆ ಕಾಣಲಿಲ್ಲ, ಸೊಸೆಗೆ ಕಂಡಿತು. "ನೋಡಿ ಹೇಳ್ತೀವಿ," ಎಂದು ಅತ್ತೆ ಗಿರಾಕಿಯನ್ನು ಸಾಗಹಾಕಿದಳು.

"ಹದಿನಾರೂ ಒಂದೇ ಕಣೇ," ಎಂದಳು ಬಾಗಿಲು ಮುಂದೆ ಮಾಡಿ.

ಸೊಸೆಯನ್ನು ಆಗ ಕತ್ತರಿಸಿದ್ದರೂ ಒಂದು ತೊಟ್ಟು ರಕ್ತ ಬರುತ್ತಿರಲಿಲ್ಲ. ಯಂತ್ರವನ್ನು ನೋಡಿದಳು. ಆ ದಿನವನ್ನು ನೆನಪು ಮಾಡಿಕೊಂಡಳು. ಎಷ್ಟು ಖುಷಿಯಾಗಿದ್ದೆನಲ್ಲ ಎಂಬುದೇ ಮೊದಲು ನೆನಪಾಗಿ, ಆ ಖುಷಿಯ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು. ಹೆಂಡ ಕುಡಿದವರ ಖುಷಿಗೂ ಇದಕ್ಕೂ ಏನು ವ್ಯತ್ಯಾಸ? ಮೇಲೆ ಒಬ್ಬ ನಿರಪರಾಧಿಯ ಹಣೆ ಒಡೆದಿತ್ತು, ಮಾನ ಹೋಗಿತ್ತು, ಅನ್ನಕ್ಕೂ ಸಂಚಕಾರ ಬಂದಿತ್ತು.

ಅತ್ತೆ ಒಂದು ಉಪಾಯ ಹೇಳಿದಳು. "ನರ್ಸಮ್ಮನ ಬೀಗದಲ್ಲಿ ಕಡ್ಡಿ ಸವೆದಿತ್ತು, ಯಾವ ಕೀ ಹಾಕಿದ್ರೂ ತೆರೀತಿತ್ತು ಅಂದ್ಬಿಡು. ಅವನೂ ಬಚಾವಾಗ್ತಾನೆ. ಮಿಕ್ಕ ಮನೆಗೆಲ್ಲ ಎಣ್ಣೆ ಹಾಕ್ತೀವಿ ಅಂತ ಹೋಗಿ ಒಂದೊಂದಾಗಿ ಬದಲಾಯಿಸಿ ಬಾ. ಹಾವೂ ಸಾಯಬೇಕು, ಕೋಲೂ ಮುರೀಬಾರದು."

"ಹೊಸ ಬೀಗ ಹನ್ನೆರಡು ದಿನಕ್ಕೆ ಸವೆಯುತ್ತಾ ಅತ್ತೆ? ಯಾರೂ ನಂಬಲ್ಲ. ನಂಬಿದ್ರೂ ಅರ್ಧ ನಂಬ್ತಾರೆ. ಆ ಇನ್ನರ್ಧ ಅನುಮಾನ ಹೊತ್ತುಕೊಂಡು ಅವನು ಜೀವಮಾನ ಮೆಟ್ಟಿಲು ಹತ್ತಬೇಕು."

"ನಿಜ ಹೇಳಿದ್ರೆ ಅಂಗಡಿ ಹೋಗುತ್ತೆ. ಬೀಗದವರ ಹತ್ತಿರ ನಂಬಿಕೆ ಬಿಟ್ರೆ ಮಾರೋಕೆ ಇನ್ನೇನಿದೆ ಹೇಳು," ಎಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಿಗಿಲಿತ್ತು.

ಮರುದಿನ ಬೆಳಿಗ್ಗೆ ಅವಳು ಧ್ಯಾನಕ್ಕೆ ಕೂರಲು ಹೋಗಲಿಲ್ಲ, ಇನ್ನು ಬರುವುದಿಲ್ಲ ಎಂದು ಹೇಳಲು ಹೋದಳು. ತಾತ ಚಾಪೆ ಹಾಸುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಚಾಪೆಯ ಒಂದು ತುದಿ ಹಿಡಿದುಕೊಂಡೇ ಕೇಳಿದ.

"ಆವತ್ತು ಮೇಜಿನ ಮುಂದೆ ಕೂತು ಏನು ನೋಡ್ತಾ ಇದ್ದೆ?" ಎಂದ.

"ಎಲ್ಲರಿಗೂ ಒಳ್ಳೇದಾಗ್ಲಿ ಅಂತ ಅಂದ್ಕೊಳ್ತಾ ಇದ್ದೆ."

"ಅದು ಬಾಯಿ ಮಾತಾಯ್ತು. ಕಣ್ಣು ಎಲ್ಲಿತ್ತು?"

ಸೊಸೆಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ನನ್ನ ಖುಷೀನೇ ನೋಡ್ಕೊಳ್ತಾ ಇದ್ದೆ ತಾತ."

"ಹೂಂ. ಎದುರಿಗಿದ್ದದ್ದು ಬೀಗ." ತಾತ ಚಾಪೆ ಕೆಳಗಿಟ್ಟ. "ನಾನು ಕಲಿತ ಹೊಸದರಲ್ಲಿ ಒಂದು ದಿನ ಹೀಗೇ ತೇಲಾಡ್ತಾ ಬಂದು ಕತ್ತಿ ಹಿಡಿದೆ. ಲೋಕವೆಲ್ಲ ನಂದೇ ಅನ್ನೋ ಹಾಗಿತ್ತು. ಗಿರಾಕಿ ಕಿವಿ ತುದಿ ಹೋಯ್ತು. ಇಷ್ಟೇ ಇಷ್ಟು. ಗುರುಗಳ ಹತ್ತಿರ ಓಡಿಹೋಗಿ ಬಿಟ್ಟುಬಿಡ್ತೀನಿ ಅಂತ ಅತ್ತುಬಿಟ್ಟೆ."

"ಅವರೇನಂದ್ರು?"

"ಮೊದಲು ಕಿವಿಯವನ ಹತ್ತಿರ ಹೋಗು, ಅಂದ್ರು."

"ಆ ಖುಷಿ ಸುಳ್ಳಾ ತಾತ? ಅದನ್ನ ಹೇಳಿ." ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಅಂಗಡಿ ಹೋದರೂ ಹೇಗೋ ಬದುಕಬಹುದು. ನಾಲ್ಕು ವರ್ಷದ ಮೇಲೆ ಸಿಕ್ಕಿದ್ದೂ ಸುಳ್ಳೆಂದಾದರೆ ಇನ್ನು ಯಾವುದನ್ನು ಹಿಡಿದುಕೊಂಡು ಬದುಕುವುದು?

"ಮಗು ನಗ್ತಾ ನಗ್ತಾ ಹಾಲು ಚೆಲ್ಲಿದ್ರೆ ನಗು ಸುಳ್ಳಾಗುತ್ತಾ? ಹಾಲು ಒರೆಸಬೇಕು, ಅಷ್ಟೇ. ಹೋಗು, ಹತ್ತು ಗಂಟೆ ಆಗ್ತಾ ಬಂತು," ಎಂದು ತಾತ ಅವಳನ್ನು ಬಾಗಿಲವರೆಗೆ ತಳ್ಳಿಕೊಂಡೇ ಬಂದ.

ಅಂಗಡಿಗೆ ಬಂದರೆ ಬೀಗದಮ್ಮ ಸೀರೆ ಬದಲಾಯಿಸಿ, ಕೋಲು ಹಿಡಿದು ನಿಂತಿದ್ದಳು. ಸೊಸೆಯ ಹೆಜ್ಜೆಯ ಸದ್ದಿನಿಂದಲೇ ಅವಳಿಗೆ ಎಲ್ಲ ತಿಳಿದಂತಿತ್ತು. "ನಾನೂ ಬರ್ತೀನಿ. ಹೆಸರು ಹಾಳಾಗೋದಾದ್ರೆ ಎದುರಿಗೇ ಆಗ್ಲಿ," ಎಂದಳು. ಯಂತ್ರವನ್ನೂ ಕಡ್ಡಿಗಳ ಪೆಟ್ಟಿಗೆಯನ್ನೂ ಆಟೋಗೆ ಹೇರಿಕೊಂಡು ಹೊರಟರು.

ಅವರು ಹೋದಾಗ ನರ್ಸಮ್ಮ ಕಾಗದ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಎಲ್ಲರನ್ನೂ ಕರೆಯಿರಿ ಎಂದು ಸೊಸೆ ಕೇಳಿಕೊಂಡಳು. ಜನ ಬಂದರು, ಚಾಲಕನೂ ಹಣೆಗೆ ಪಟ್ಟಿ ಸುತ್ತಿಕೊಂಡು, ಹೆಂಡತಿಯ ಜೊತೆ ಮೇಲಿನ ಮೆಟ್ಟಿಲ ಮೇಲೆ ಬಂದು ನಿಂತ. ಮಾತಿಗಿಂತ ಕೈಯೇ ಸಲೀಸೆಂದು ಸೊಸೆ ಅವನಿಂದ ಕಿತ್ತ ಆ ಕೀಲಿಕೈಯನ್ನು ಎಲ್ಲರಿಗೂ ತೋರಿಸಿ, ನೆಲಮಹಡಿಯ ಬಟ್ಟೆ ವ್ಯಾಪಾರಿಯ ಬಾಗಿಲಿಗೆ ಹಾಕಿ ತಿರುಗಿಸಿದಳು. ತೆರೆಯಿತು. ಪಕ್ಕದ ಬಾಗಿಲು ತೆರೆಯಿತು. ಮೊದಲ ಮಹಡಿಯ ನಾಲ್ಕೂ ತೆರೆದವು. ಜನ ಅವಳ ಹಿಂದೆ ಹತ್ತುತ್ತಿದ್ದರು. ನರ್ಸಮ್ಮನ ಬಾಗಿಲು ತೆರೆದಾಗ ಅವಳ ಕೈಯ ಕಾಗದ ಮಡಚಿಕೊಂಡಿತು. ಹದಿನಾರನ್ನೂ ತೆರೆದು ಮುಗಿಸಿ ಸೊಸೆ ತಿರುಗಿ ನಿಂತಳು.

"ಇವರದೇನೂ ತಪ್ಪಿಲ್ಲ. ನಾನು ಎಲ್ಲರಿಗೂ ಒಂದೇ ಮಾದರಿ ಕತ್ತರಿಸಿಬಿಟ್ಟೆ. ನೋಡಬೇಕಾದ್ದು ನೋಡಲಿಲ್ಲ. ನಿಮ್ಮ ಬಾಗಿಲುಗಳು ಹದಿನೈದು ದಿನ ತೆರೆದೇ ಇದ್ದ ಹಾಗೆ ಲೆಕ್ಕ. ತಪ್ಪು ನಂದು."

ಆಮೇಲೆ ಬೈಗುಳ ಶುರುವಾಯಿತು. ಅದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ಹೆದರಿದವರು ಬೈಯುವಾಗ ತೂಕ ನೋಡುವುದಿಲ್ಲ. ಬಟ್ಟೆ ವ್ಯಾಪಾರಿ ತನ್ನ ಬೀಗವನ್ನು ಆಗಲೇ ಬಿಚ್ಚಿಸಿ ಅವಳ ಕೈಗಿಟ್ಟು, "ಇನ್ನು ಈ ಕಡೆ ತಲೆ ಹಾಕಬೇಡ," ಎಂದ. ಇನ್ನೆರಡು ಮನೆಯವರು ಅವನನ್ನೇ ಅನುಸರಿಸಿದರು. ಅವರು ಇಂದಿಗೂ ಬೇರೆ ಅಂಗಡಿಗೆ ಹೋಗುತ್ತಾರೆ. ಚಾಲಕನ ಹೆಂಡತಿ ಎದುರಿಗೆ ಬಂದು, "ಮೂರು ದಿನ ನನ್ನ ಮಗಳು ಶಾಲೆಗೆ ಹೋಗಲಿಲ್ಲ, ಗೊತ್ತಾ ನಿಮಗೆ," ಎಂದಳು. ಸೊಸೆ ತಲೆ ತಗ್ಗಿಸಲಿಲ್ಲ. ಆ ಹೆಂಗಸಿನ ಮುಖವನ್ನು ನೋಡಿಕೊಂಡೇ, "ಈಗ ಗೊತ್ತಾಯ್ತು," ಎಂದಳು. ಅದಕ್ಕಿಂತ ಹೆಚ್ಚಿನದೇನನ್ನೂ ಹೇಳುವ ಹಕ್ಕು ತನಗಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಮಿಕ್ಕ ಹದಿಮೂರು ಮನೆಯವರು, ಸಂಜೆಯೊಳಗೆ ಎಲ್ಲ ಬದಲಾಗಬೇಕು, ನಮ್ಮ ಕಣ್ಣೆದುರಿಗೇ ಆಗಬೇಕು ಎಂದರು. ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಯಂತ್ರ ಇಟ್ಟುಕೊಂಡು ಸೊಸೆ ಕೂತಳು. ಎದುರಿಗೆ ಕುರ್ಚಿ ಹಾಕಿಕೊಂಡು ನರ್ಸಮ್ಮ. ಆಪರೇಷನ್ ಮುಗಿದ ಮೇಲೆ ಹತ್ತಿಯ ಉಂಡೆಗಳನ್ನು ಎಣಿಸಿ ಅಭ್ಯಾಸವಾದ ಕಣ್ಣು ಅದು, ರೆಪ್ಪೆ ಹೊಡೆಯುತ್ತಿರಲಿಲ್ಲ. ಪಕ್ಕದ ಮೆಟ್ಟಿಲ ಮೇಲೆ ಬೀಗದಮ್ಮ. ಒಂದು ಮನೆಗಾದ ಮೇಲೆ ಮಾದರಿಯನ್ನು ಯಂತ್ರದಿಂದ ತೆಗೆದು ಅತ್ತೆಯ ಕೈಗೆ ಕೊಡುವುದು, ಅತ್ತೆ ಹೆಬ್ಬೆರಳು ಆಡಿಸಿ "ಬೇರೆ" ಎನ್ನುವುದು. ಆಮೇಲೆ ಅದನ್ನು ಮಿಕ್ಕ ಹನ್ನೆರಡು ಬಾಗಿಲಿಗೂ ಒಯ್ದು ಹಾಕಿ, ತಿರುಗುವುದಿಲ್ಲ ಎಂದು ಆಯಾ ಮನೆಯವರಿಗೆ ತೋರಿಸಿ ಬರುವುದು. ಮೆಟ್ಟಿಲು ಹತ್ತಿ ಇಳಿದು ಅವಳ ಮೊಣಕಾಲು ಸೋತುಹೋಯಿತು.

ಮೊದಮೊದಲು ಯಾರು ಏನೆಂದುಕೊಳ್ಳುತ್ತಾರೋ ಎಂದು ಮನಸ್ಸು ಓಡುತ್ತಿತ್ತು, ಅವಳು ಬೈಯದೆ ಕರೆದು ತರುತ್ತಿದ್ದಳು. ಒಂದು ಕಡ್ಡಿ. ಇನ್ನೊಂದು ಕಡ್ಡಿ. ಮಧ್ಯಾಹ್ನದ ಹೊತ್ತಿಗೆ ಯಾರದೋ ಮನೆಯಿಂದ ಅತ್ತೆಗೊಂದು ಲೋಟ ಚಹಾ ಬಂತು, ಸೊಸೆಗೆ ಬರಲಿಲ್ಲ. ಅತ್ತೆ ಅರ್ಧ ಕುಡಿದು ಮಿಕ್ಕದ್ದನ್ನು ಇವಳತ್ತ ಸರಿಸಿ, "ಬುದ್ಧ ಮನೆ ಬಿಟ್ಟ, ನೀನು ಹದಿಮೂರು ಮನೆ ಹಿಡಿದೆ," ಎಂದಳು. ನರ್ಸಮ್ಮನ ತುಟಿ ಒಂದಿಷ್ಟು ಕೊಂಕಿತು, ಕೂಡಲೇ ನೆಟ್ಟಗಾಯಿತು. ಎಂಟನೆಯದೋ ಒಂಬತ್ತನೆಯದೋ ಬಾಗಿಲ ಬಳಿ ಮೊಣಕಾಲೂರಿ ಕೂತಿದ್ದಾಗ ಸೊಸೆಗೆ ತಾನು ಹಗುರವಾಗಿದ್ದೇನೆ ಎಂದು ತಿಳಿಯಿತು. ಖುಷಿ ಬಂದಿದೆಯೇ ಎಂದು ತಿರುಗಿ ನೋಡಲು ಬೆಳಗಿನಿಂದ ಪುರುಸೊತ್ತೇ ಇರಲಿಲ್ಲ; ನೋಡದೇ ಇದ್ದಾಗಲೇ ಅದು ಬಂದು ಪಕ್ಕದಲ್ಲಿ ಕೂತಿತ್ತು. ಇದ್ದರೆ ಇರಲಿ ಎಂದು ಅವಳು ಮುಂದಿನ ಕಡ್ಡಿಯನ್ನು ಕೈಗೆತ್ತಿಕೊಂಡಳು.

ಕೊನೆಯದು ಚಾಲಕನ ಮನೆಯ ಬೀಗ; ಯಂತ್ರದ ಸಮೇತ ಎಲ್ಲರೂ ಅವನ ಬಾಗಿಲ ಮುಂದಕ್ಕೆ ಹತ್ತಿ ಬಂದಿದ್ದರು. ಅವನೇ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಡಿಪೋದಿಂದ ಫೋನ್ ಬಂದಿತ್ತು, ನಾಳೆಯಿಂದ ಕೆಲಸಕ್ಕೆ ಬಾ ಎಂದಿದ್ದರು. ಆ ಸುದ್ದಿಯನ್ನು ಅವನು ಹೆಂಡತಿಗೆ ಹೇಳಿದ್ದೇ ಹೊರತು ಸೊಸೆಗೆ ಹೇಳಲಿಲ್ಲ. ಅಷ್ಟರಲ್ಲಿ ನರ್ಸಮ್ಮ ಕೆಳಗೆ ಹೋಗಿ ಒಂದು ತಟ್ಟೆಯಲ್ಲಿ ಹತ್ತಿ, ಔಷಧಿ, ಹೊಸ ಪಟ್ಟಿ ಇಟ್ಟುಕೊಂಡು ಹತ್ತಿ ಬಂದಳು.

"ಕೂರು," ಎಂದಳು ಅವನಿಗೆ. "ಆ ಪಟ್ಟಿ ಯಾರು ಕಟ್ಟಿದ್ದು? ಹೀಗಾ ಕಟ್ಟೋದು?"

ಚಾಲಕ ಹೆಂಡತಿಯ ಮುಖ ನೋಡಿದ. ಆಮೇಲೆ ಹೊಸ್ತಿಲ ಮೇಲೆ ಕೂತ. ನರ್ಸಮ್ಮ ಹಳೆಯ ಪಟ್ಟಿ ಬಿಚ್ಚಿ, ತಾನೇ ಮಾಡಿದ ಗಾಯವನ್ನು ಬಗ್ಗಿ ನೋಡಿ, ಒರೆಸಿ, ಔಷಧಿ ಹಚ್ಚಿದಳು. ಕ್ಷಮಿಸು ಎಂಬ ಮಾತು ಮೂವತ್ತೈದು ವರ್ಷದ ನೌಕರಿಯಲ್ಲಿ ಅವಳ ಬಾಯಿಂದ ಬಂದಿರಲಿಲ್ಲ, ಈಗಲೂ ಬರಲಿಲ್ಲ. ಕೈ ಮಾತ್ರ ಬಹಳ ಮೆತ್ತಗಿತ್ತು. ಪಟ್ಟಿಯ ಗಂಟು ಹಾಕಿ ಮುಗಿಸಿ, ಯಾರ ಕಡೆಗೂ ನೋಡದೆ, "ನನ್ನ ಬಾಗಿಲಿಗೆ ಇನ್ನೊಂದು ಕೀ ಮಾಡು," ಎಂದಳು ಸೊಸೆಗೆ.

"ಮೂರು ಕೊಟ್ಟಿದ್ದೀನಲ್ಲ ಅಮ್ಮ."

"ನಾಲ್ಕನೇದು. ಇವನಿಗೆ."

ಬೀಗದಮ್ಮ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ಒಂಟಿ ಹೆಂಗಸು ನಾನು, ವಯಸ್ಸಾಯ್ತು," ನರ್ಸಮ್ಮ ತಟ್ಟೆಯಲ್ಲಿ ಹತ್ತಿ ಜೋಡಿಸುತ್ತ ಹೇಳಿದಳು. "ಸ್ನಾನದ ಮನೇಲಿ ಜಾರಿ ಬಿದ್ರೆ ಈ ಕಾಲದಲ್ಲಿ ಬಾಗಿಲು ಒಡೆದು ಎತ್ತೋರು ಯಾರು? ಇವನಾದ್ರೆ ಒಂದು ಸಲ ಬಂದಿದ್ದಾನೆ. ದಾರಿ ಗೊತ್ತು."

ಚಾಲಕ ಹಣೆ ಮುಟ್ಟಿ ನೋಡಿಕೊಂಡ. "ಮತ್ತೆ ಹೊಡೆಯಲ್ಲ ತಾನೇ?"

"ಮೊದಲು ಕೂಗಿ ಬಾ. ಬಿಸಿನೀರು ಕೇಳಬೇಡ," ಎಂದಳು ನರ್ಸಮ್ಮ.

ಮೊದಲು ನಕ್ಕವಳು ಚಾಲಕನ ಹೆಂಡತಿ. ನಗುತ್ತಲೇ ಅವಳಿಗೆ ಅಳು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಸೊಸೆ ನರ್ಸಮ್ಮನ ಮಾದರಿಯನ್ನು ಯಂತ್ರದ ಎಡಗಡೆ ಸಿಕ್ಕಿಸಿದಳು, ಬಲಗಡೆ ಹೊಸ ಹಿತ್ತಾಳೆಯ ತುಂಡನ್ನು ಬಿಗಿದಳು. ಇಷ್ಟಾದ ಮೇಲೂ ಈ ಹೆಂಗಸು ನನ್ನ ಕೈಯಿಂದಲೇ ಮಾಡಿಸಿಕೊಳ್ಳುತ್ತಿದ್ದಾಳಲ್ಲ ಎಂಬುದು ಆಗ ಅವಳ ತಲೆಗೆ ಹೋಯಿತು. ಕಣ್ಣು ತುಂಬಿ ಬಂತು. ಎದುರಿನ ಹಿತ್ತಾಳೆಯ ಅಂಚು ಕಲಸಿಹೋಯಿತು.

"ಯಾಕೆ ನಿಲ್ಲಿಸಿದೆ?" ಎಂದಳು ನರ್ಸಮ್ಮ.

"ಒಂದು ನಿಮಿಷ ಅಮ್ಮ, ಸರಿಯಾಗಿ ಕಾಣಿಸ್ತಾ ಇಲ್ಲ," ಎಂದು ಸೊಸೆ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಉಸಿರು ಬಂತು, ಹೋಯಿತು. ಅತ್ತೆ, ನರ್ಸಮ್ಮ, ಚಾಲಕ ಮೂವರೂ ಕಾದರು. ಕಣ್ಣು ಪೂರಾ ತಿಳಿಯಾದ ಮೇಲೆ ಅವಳು ಯಂತ್ರ ಹಚ್ಚಿದಳು.